ಭಾನುವಾರದ ಕರಿಬೇವು

ಖುರಾನಾ ಸಾಹೇಬರ ನೆತ್ತಿಯ ಮೇಲೆ ದೇವರು ಇನ್ನೊಂದಿಷ್ಟು ಕೂದಲು ಉಳಿಸಿದ್ದರೆ ಆ ಭಾನುವಾರ ಚಂದ್ರಕಾಂತನಿಗೆ ಯಾವ ತೊಂದರೆಯೂ ಬರುತ್ತಿರಲಿಲ್ಲ. ಆದರೆ ಅವರ ಕೂದಲು ವಯಸ್ಸಾದಂತೆ ಮೇಲಿನ ಮಹಡಿ ಖಾಲಿ ಮಾಡಿ ಕಿವಿ, ಮೂಗು, ಹುಬ್ಬುಗಳಿಗೆ ವಾಸ ಬದಲಾಯಿಸಿತ್ತು. ಇದ್ದಬದ್ದ ಎಣ್ಣೆಗಳೆಲ್ಲ ಸೋತ ಮೇಲೆ ಯಾರೋ ಪುಣ್ಯಾತ್ಮರು ಅವರ ಕಿವಿಯಲ್ಲಿ ಒಂದು ಮಾತು ಊದಿದ್ದರು: ಕರಿಬೇವನ್ನು ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಹಚ್ಚಿದರೆ ಬೋಳು ಬಂಡೆಯ ಮೇಲೂ ಹುಲ್ಲು ಹುಟ್ಟುತ್ತದೆ.

ಆ ಪುಣ್ಯಾತ್ಮ ಬೇರೆ ಯಾರೂ ಅಲ್ಲ, ಪಕ್ಕದ ಫ್ಲ್ಯಾಟಿನ ಚಂದ್ರಕಾಂತನೇ.

ಅಂದು ಬೆಳಿಗ್ಗೆ ಅವನು ಎಂದಿನಂತೆ ಗಿಡಕ್ಕೆ ಹಾಕಲು ಹುಳಿ ಮಜ್ಜಿಗೆಯ ಲೋಟ ಹಿಡಿದು ಬಾಲ್ಕನಿಗೆ ಬಂದ. ಜನಕಪುರಿಯ ಆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಅವನ ಸಂಸಾರವೆಲ್ಲ ಸಾಲಾಗಿ ಕೂತಿತ್ತು. ಮಣ್ಣಿನ ಕುಂಡದಲ್ಲಿ ಟೊಮೆಟೊ, ಒಡೆದ ಬಕೆಟ್ಟಿನಲ್ಲಿ ಹಸಿಮೆಣಸು, ತುಪ್ಪದ ಡಬ್ಬದಲ್ಲಿ ದೊಡ್ಡಪತ್ರೆ. ಮೂಲೆಯ ದೊಡ್ಡ ಸಿಮೆಂಟು ಕುಂಡದಲ್ಲಿ, ಮನೆಯ ಯಜಮಾನನ ಠೀವಿಯಲ್ಲಿ ನಿಂತಿರುತ್ತಿದ್ದುದು ಕರಿಬೇವಿನ ಗಿಡ. ಇವತ್ತು ಆ ಜಾಗದಲ್ಲಿ ಒಂದಿಷ್ಟು ಕಡ್ಡಿಗಳು ನಿಂತಿದ್ದವು. ಪುಕ್ಕ ತರಿದ ಕೋಳಿಯ ಹಾಗೆ ಕಾಣುತ್ತಿದ್ದ ಆ ಗಿಡವನ್ನು ನೋಡಿ ಅವನಿಗೆ ಮೊದಲು ತನ್ನ ಕಣ್ಣಿನ ಮೇಲೇ ಅನುಮಾನ ಬಂತು.

"ಗುಡ್ ಮಾರ್ನಿಂಗ್ ಚಂದ್ರಾ ಜೀ!"

ಎರಡು ಬಾಲ್ಕನಿಗಳ ನಡುವಿನ ಮೋಟು ಗೋಡೆಯ ಆಚೆಯಿಂದ ಖುರಾನಾರ ತಲೆ ಎದ್ದಿತು. ಎಣ್ಣೆ ಸುರಿದುಕೊಂಡ ಆ ತಲೆಯ ಮೇಲೆ ಬೆಳಗಿನ ಸೂರ್ಯ ಎರಡನೇ ಸಲ ಹುಟ್ಟುತ್ತಿದ್ದ. ಖುರಾನಾ ಹಿಂದಿಯಲ್ಲಿ, ತಮ್ಮ ಪಂಜಾಬಿ ಗಂಟಲಿನಲ್ಲಿ ಸಂಭ್ರಮದಿಂದ ಹೇಳಿದರು: "ನೀವು ಹೇಳಿದ ಎಣ್ಣೆ! ನಮ್ಮಾಕೆ ವಿಮಲಾ ಕಬ್ಬಿಣದ ಕಡಾಯಿಯಲ್ಲಿ ಕಾಯಿಸಿ ಕೊಟ್ಟಳು. ನೀವು ಮಲಗಿದ್ದಿರಿ, ಎಬ್ಬಿಸೋದು ಯಾಕೆ ಅಂತ ಎಲೆ ನಾನೇ ಕಿತ್ತುಕೊಂಡೆ. ನಮ್ಮದೇ ಮನೆ ಅಲ್ವಾ ಜೀ!"

"ಎಲ್ಲಾನೂ ಕಿತ್ತಿರಾ?"

"ಹಿಡಿ ಎಲೆ ಸಾಲದು, ಧಾರಾಳವಾಗಿ ಹಾಕಬೇಕು ಅಂತ ನೀವೇ ಹೇಳಿದ್ದಲ್ಲವೇ?"

ಹೇಳಿದ್ದು ನಿಜ. ಗಿಡಗಳ ವಿಷಯ ಬಂದರೆ ಚಂದ್ರಕಾಂತನ ಬಾಯಿಗೆ ಬೀಗವಿಲ್ಲ. ಮಿಕ್ಕ ಯಾವ ವಿಷಯಕ್ಕೂ ಅವನ ಬಾಯಿಗೆ ಬೀಗದ ಕೈ ಸಿಗುವುದಿಲ್ಲ, ಅದು ಬೇರೆ ಮಾತು.

ಚಿತ್ರದುರ್ಗದಿಂದ ಕೇಂದ್ರ ಸರಕಾರದ ಕೆಲಸಕ್ಕೆಂದು ದಿಲ್ಲಿಗೆ ಬಂದಾಗ ಅವನಿನ್ನೂ ಮೀಸೆ ತಿರುವುವ ವಯಸ್ಸಿನವನು. ಅಕ್ಕತಂಗಿಯರ ಮದುವೆ ಒಂದೊಂದಾಗಿ ಮುಗಿದು ಅವನ ಸರದಿ ಬರುವಷ್ಟರಲ್ಲಿ ಮೀಸೆ ಬೆಳ್ಳಗಾಗಿ, ಹೆಣ್ಣು ತೋರಿಸುವವರು "ಈಗ್ಯಾಕೆ ಬಿಡಿ" ಅನ್ನತೊಡಗಿದ್ದರು. ಆಫೀಸಿನಲ್ಲಿ ಅವನು ಒಗ್ಗರಣೆಯ ಕರಿಬೇವು. ಫೈಲು ಘಮಘಮಿಸಲು ಅವನೇ ಬೇಕು, ಪಾರ್ಟಿಯ ತಟ್ಟೆ ಬಂದಾಗ ಮೊದಲು ಎತ್ತಿ ಪಕ್ಕಕ್ಕಿಡುವುದೂ ಅವನನ್ನೇ. ಮನೆಗೆ ಬಂದರೆ ಮಾತಾಡುವವರಿಲ್ಲ. ಹಾಲು ಉಕ್ಕಿದಾಗ "ಅಯ್ಯೋ" ಅನ್ನುತ್ತಿದ್ದನಲ್ಲ, ಎಷ್ಟೋ ದಿನ ಅವನು ಆಡಿದ ಕನ್ನಡವೆಂದರೆ ಅದಿಷ್ಟೇ. ಇಂಥ ಮನುಷ್ಯನ ಕೈಗೆ ಒಂದು ದಿನ ಪತ್ರಿಕೆಯ ಭಾನುವಾರದ ಪುರವಣಿ ಸಿಕ್ಕಿತು. ಮನೆಯಲ್ಲೇ ಕುಂಡಗಳಲ್ಲಿ ಗಿಡ ಬೆಳೆಸುವುದರಿಂದ ಆಗುವ ಲಾಭಗಳ ಬಗ್ಗೆ ಅದರಲ್ಲೊಂದು ಲೇಖನ. ರಕ್ತದೊತ್ತಡ ಇಳಿಯುತ್ತದೆ, ಗಾಳಿ ಶುದ್ಧವಾಗುತ್ತದೆ, ವಿಷವಿಲ್ಲದ ತರಕಾರಿ ಸಿಗುತ್ತದೆ, ಮನಸ್ಸಿಗೆ ನೆಮ್ಮದಿ ಬರುತ್ತದೆ. ಮಾರನೇ ದಿನವೇ ಅವನು ಕುಂಡ ತಂದ.

ಲೇಖನದಲ್ಲಿ ಹೇಳಿದ ಲಾಭಗಳಲ್ಲಿ ಅವನಿಗೆ ಎಷ್ಟು ಸಿಕ್ಕವೋ ಗೊತ್ತಿಲ್ಲ. ಹೇಳದೆ ಇದ್ದ ಒಂದು ಲಾಭ ಮಾತ್ರ ಸಿಕ್ಕಿತು. ಅದರ ಹೆಸರು ಮನೋರಮಾ.

ಆಕೆ ಪಕ್ಕದ ಬ್ಲಾಕಿನವಳು. ಗಂಡ ತೀರಿಕೊಂಡ ಮೇಲೆ ಗಂಡನ ಇಲಾಖೆಯಲ್ಲೇ ಕೆಲಸ ಸಿಕ್ಕಿ, ತಾಯಿ ಲೀಲಮ್ಮನನ್ನು ಜೊತೆಗಿಟ್ಟುಕೊಂಡು ಬದುಕುತ್ತಿದ್ದಳು. ಒಂದು ಸಂಜೆ ರಸ್ತೆಯಲ್ಲಿ ಹೋಗುತ್ತಿದ್ದವಳು ಬಾಲ್ಕನಿಯ ಕರಿಬೇವು ಕಂಡು ಕೆಳಗಿನಿಂದಲೇ ಹಿಂದಿಯಲ್ಲಿ, "ಭಾಯಿ ಸಾಬ್, ಒಂದೆಸಳು ಕೊಡ್ತೀರಾ?" ಎಂದು ಕೂಗಿದ್ದಳು. ಗಾಬರಿಗೆ ಚಂದ್ರಕಾಂತನ ಕೈಯಿಂದ ನೀರಿನ ತಂಬಿಗೆ ಬಿದ್ದು, ಬಾಯಿಂದ "ಅಯ್ಯಯ್ಯೋ, ಹೋಯ್ತಲ್ಲಪ್ಪ!" ಎಂಬ ಮಾತು ಹೊರಟಿತು. ಕೆಳಗೆ ನಿಂತಿದ್ದವಳು, "ಅರೇ, ಕನ್ನಡದವರಾ!" ಎಂದು ನಕ್ಕಳು. ಅಂದಿನಿಂದ ಪ್ರತಿ ಭಾನುವಾರ ಸಂಜೆ ಆಕೆ ಮೇಲೆ ಬಂದು ಒಂದೆರಡು ಎಸಳು ಕಿತ್ತುಕೊಂಡು ಹೋಗುತ್ತಿದ್ದಳು. ಒಗ್ಗರಣೆಯಲ್ಲಿ ಹಸಿ ಕರಿಬೇವಿಲ್ಲದಿದ್ದರೆ ಲೀಲಮ್ಮ ತಟ್ಟೆ ಮುಟ್ಟುವುದಿಲ್ಲವಂತೆ.

ಆಕೆ ಎಲೆ ಕೀಳುವ ಹೊತ್ತನ್ನು ಹಿಗ್ಗಿಸಲು ಚಂದ್ರಕಾಂತ ಭಾಷಣ ಶುರುಮಾಡುತ್ತಿದ್ದ. ಕುಂಡದ ತಳಕ್ಕೆ ತೂತು ಎಷ್ಟಿರಬೇಕು, ಸಾಸಿವೆ ಹಿಂಡಿಯನ್ನು ಹೇಗೆ ನೆನೆಸಬೇಕು, ಸಿಪ್ಪೆ ಕೊಳೆಸಿ ಕಾಂಪೋಸ್ಟು ಹೇಗೆ ಮಾಡಬೇಕು. ಕೊನೆಗೆ, "ಪ್ರತಿಯೊಬ್ಬರೂ ಮನೇಲಿ ಒಂದಾದ್ರೂ ಕುಂಡ ಇಡಬೇಕು ನೋಡಿ" ಎಂಬ ಉಪದೇಶ. ಆಕೆ ತಲೆದೂಗಿ ಕೇಳುತ್ತಿದ್ದಳು. ಒಳಗೆ ಒಲೆಯ ಪಕ್ಕ ಡಿಕಾಕ್ಷನ್ ಇಳಿದು ಕಾಯುತ್ತಿರುತ್ತಿತ್ತು. ಆದರೆ "ಕಾಫಿ ಕುಡಿದು ಹೋಗಿ" ಎಂಬ ಮಾತು ಮಾತ್ರ ಅವನ ಗಂಟಲು ದಾಟಿ ಬರುತ್ತಿರಲಿಲ್ಲ. ಸುತ್ತಲೂ ಬಾಲ್ಕನಿಗಳು, ಬಾಲ್ಕನಿಗೆ ಎರಡೆರಡು ಕಣ್ಣು. ಒಂಟಿ ಗಂಡಸಿನ ಮನೆಗೆ ಕರಿಬೇವಿಗೆ ಬಂದವಳನ್ನು ಯಾರೂ ಏನೂ ಅನ್ನುವ ಹಾಗಿಲ್ಲ. ಕಾಫಿಗೆ ಬಂದವಳನ್ನು ಅನ್ನಬಹುದು. ಆಕೆ ಹೋದ ಮೇಲೆ ಇಬ್ಬರ ಕಾಫಿಯನ್ನೂ ಅವನೇ ಕುಡಿದು, ರಾತ್ರಿ ನಿದ್ದೆ ಬರದೆ ಒದ್ದಾಡುತ್ತಿದ್ದ.

ಈ ಭಾನುವಾರ ಮಾತ್ರ, ಏನಾದರಾಗಲಿ, ಕಾಫಿಗೆ ಕರೆದೇಬಿಡುವುದು ಎಂದು ನಿರ್ಧರಿಸಿದ್ದ. ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸವೂ ನಡೆದಿತ್ತು. ಅಂಥ ದಿನವೇ ಗಿಡ ಬೋಳಾಗಿ ನಿಂತಿದೆ. ಅಕ್ಟೋಬರ್ ಬಂದಾಗಿತ್ತು, ಚಳಿ ಕಾಲಿಟ್ಟರೆ ದಿಲ್ಲಿಯಲ್ಲಿ ಕರಿಬೇವು ಹೋಳಿಯವರೆಗೆ ಚಿಗುರುವುದಿಲ್ಲ. ಎಲೆಯಿಲ್ಲದ ಗಿಡಕ್ಕೆ ಮನೋರಮಾ ಏಕೆ ಬರುತ್ತಾಳೆ? ಒಂದು ವಾರ ತಪ್ಪಿದರೆ ಇನ್ನೊಂದು ವಾರವೂ ತಪ್ಪುತ್ತದೆ, ಆಮೇಲೆ ದಾರಿಯಲ್ಲಿ ಕಂಡಾಗ ಒಂದು ನಮಸ್ಕಾರ, ಅದಾದ ಮೇಲೆ ಅದೂ ಇಲ್ಲ. ಇದನ್ನೆಲ್ಲ ಯೋಚಿಸುತ್ತ ಅವನು ಮಜ್ಜಿಗೆಯನ್ನು ಗಿಡಕ್ಕೆ ಹಾಕುವ ಬದಲು ತಾನೇ ಕುಡಿದುಬಿಟ್ಟ.

ಅವನ ಮುಖ ನೋಡಿ ಖುರಾನಾರ ಉತ್ಸಾಹ ಜರ್ರನೆ ಇಳಿಯಿತು. "ಹೇ ಭಗವಾನ್! ಇವತ್ತು ಸಂಡೇ! ಮೇಡಂ ಬರೋ ದಿನ!"

"ಅದು ನಿಮಗೆ ಹೇಗೆ ಗೊತ್ತು?"

"ಇಡೀ ಬ್ಲಾಕಿಗೆ ಗೊತ್ತು ಜೀ. ಭಾನುವಾರ ಸಂಜೆ ನೀವು ಶೇವ್ ಮಾಡಿಕೊಂಡು ಕಾಯ್ತೀರಲ್ಲ."

ಚಂದ್ರಕಾಂತ ಕೆನ್ನೆ ಮುಟ್ಟಿಕೊಂಡ. ನಾಚಿಕೆಪಡಲು ಸಮಯವಿರಲಿಲ್ಲ. ಕರೋಲ್ ಬಾಗಿನಲ್ಲಿ ದಕ್ಷಿಣದವರ ದಿನಸಿ ಅಂಗಡಿಯೊಂದಿದೆ, ಅಲ್ಲಿ ಕರಿಬೇವು ಸಿಕ್ಕರೂ ಸಿಗಬಹುದು. ತಂದು ಏನು ಮಾಡುವುದು ಎಂದು ಆಗ ಹೊಳೆದಿರಲಿಲ್ಲ. ತರಬೇಕು ಎಂದಷ್ಟೇ ಗೊತ್ತಿತ್ತು. "ನಾನು ಸೊಪ್ಪು ತರೋಕೆ ಹೋಗೋ ವಿಷಯ ಯಾರಿಗೂ ಹೇಳಬೇಡಿ, ವಿಮಲಾ ಭಾಭಿಗೂ" ಎಂದು ಖುರಾನಾರಿಂದ ಮಾತು ತೆಗೆದುಕೊಂಡು ಮೆಟ್ರೋ ಹಿಡಿಯಲು ಓಡಿದ.

ಅಂಗಡಿಯವರು ಕುಂಭಕೋಣದ ಕಡೆಯವರು. ದಿಲ್ಲಿಯಲ್ಲಿ ತಲೆ ನೆರೆದಿದ್ದರೂ ಹಿಂದಿಯನ್ನು ಇನ್ನೂ ನೆಂಟನ ಹಾಗೆ ದೂರವೇ ಇಟ್ಟಿದ್ದರು. "ಕಡೀ ಪತ್ತಾ ಕಲ್ ಆನಾ" ಎಂದು, ಕರಿಬೇವಿಗೆ ನಾಳೆ ಬಾ ಎಂಬರ್ಥದಲ್ಲಿ, ಮುಖ ಎತ್ತದೆ ಹೇಳಿದರು.

ಚಂದ್ರಕಾಂತನ ಮೂಗು ಮಾತ್ರ ಬೇರೆಯೇ ಹೇಳುತ್ತಿತ್ತು. ಒದ್ದೆ ಗೋಣಿಯೊಂದು ಮೂಲೆಯಲ್ಲಿ ಘಮ್ಮೆನ್ನುತ್ತಿತ್ತು. "ಅದೇನದು?"

"ಅದು ಮದುವೆ ಅಡಿಗೆಯವರದ್ದು. ಸಂಜೆ ಬಂದು ಒಯ್ತಾರೆ."

"ಸ್ವಾಮೀ, ನನಗೆ ಇದು ಜೀವನ್ಮರಣದ ಪ್ರಶ್ನೆ."

ಈಗ ಅಂಗಡಿಯವರು ಕನ್ನಡಕ ಏರಿಸಿ ನೋಡಿದರು. "ಕರಿಬೇವಾ? ಮನೇಲಿ ಹೆಂಡತಿ ಅಷ್ಟು ಜೋರಾ?"

"ಹೆಂಡತಿ ಇಲ್ಲ."

"ಮತ್ತೆ ಯಾರಿಗೆ ಹೆದರೋದು?"

ಚಂದ್ರಕಾಂತ ಮತ್ತೆ ಗೋಣಿಯ ಕಡೆಗೇ ನೋಡಿದ. ಆ ನೋಟದಲ್ಲೇ ಅಂಗಡಿಯವರಿಗೆ ಏನೋ ತಿಳಿದಿರಬೇಕು. ಗೋಣಿ ಬಿಚ್ಚಿ, ತೋಳಿನ ತುಂಬ ಹಿಡಿಯುವಷ್ಟು ಸೊಪ್ಪು ಎತ್ತಿ ಕೊಟ್ಟು, "ಮದುವೆಯವರಿಗೆ ಹೇಗೂ ಮದುವೆ ಆಗ್ತಾ ಇದೆ, ತಗೊಂಡು ಹೋಗಿ" ಎಂದರು.

ಮೆಟ್ರೋ ಆಗಿನ್ನೂ ಹೊಸದು. ಭಾನುವಾರವೆಂದರೆ ಜನ ಎಲ್ಲಿಗೂ ಹೋಗಬೇಕಿಲ್ಲದಿದ್ದರೂ ಮಕ್ಕಳುಮರಿ ಕಟ್ಟಿಕೊಂಡು ಹತ್ತಿ ಕೂರುತ್ತಿದ್ದರು. ಚಂದ್ರಕಾಂತ ಹತ್ತಿದೊಡನೆ ಡಬ್ಬಿಯೆಲ್ಲ ಸಾರಿನ ಮನೆಯಾಯಿತು. "ಭಯ್ಯಾ, ಏನಿದು, ಬೇವಿನ ಸೊಪ್ಪಾ?" ಎಂದಳು ಒಬ್ಬಾಕೆ. ಅಲ್ಲ ಎಂದು ಹೇಳಿ ಸುಮ್ಮನಿದ್ದರೆ ಬದುಕುತ್ತಿದ್ದ. ಇವನೋ, ಕಣ್ಣಿಗೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಕುಂಡದಲ್ಲೇ ಬೆಳೆಯಬಹುದು ಎಂದು ಶುರುಮಾಡಿದ. ತರಕಾರಿಯವನು ಕೊತ್ತಂಬರಿಯನ್ನು ಪುಕ್ಕಟೆ ಹಾಕಿಕೊಡುವುದನ್ನೇ ಹಕ್ಕೆಂದು ನಂಬಿದ ಊರು ಅದು. ಆಕೆ ಒಂದೆಸಳು ಎಳೆದುಕೊಂಡಳು. ಪಕ್ಕದವಳು ಎರಡು ಎಳೆದಳು. ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಎದ್ದು ಬಂದು ಹಿಡಿಯಷ್ಟು ಕೇಳಿದರು. ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ವರ್ಷವಿಡೀ ಅವನ ಜೊತೆ ಇಷ್ಟು ಜನ ಮಾತಾಡಿರಲಿಲ್ಲ. ಜನಕಪುರಿ ಬಂದಾಗ ತೋಳಿನಲ್ಲಿದ್ದ ಹೊರೆ ಕಂಕುಳಿಗೆ ಇಳಿದಿತ್ತು. ಅವನಿಗೆ ಸಂತೋಷವೂ ಆಗಿತ್ತು, ಇನ್ನಷ್ಟು ಒಂಟಿ ಅನ್ನಿಸಿಯೂ ಇತ್ತು.

ಮನೆಗೆ ಬಂದು ಕಡ್ಡಿಗಳ ಮುಂದೆ ಸೊಪ್ಪು ಹಿಡಿದು ನಿಂತಾಗ ಉಪಾಯ ತಾನೇ ಹೊಳೆಯಿತು. ಕಡ್ಡಿಯಿದೆ, ಎಲೆಯಿದೆ, ಇನ್ನು ಬೇಕಾದದ್ದು ಅವೆರಡನ್ನೂ ಸೇರಿಸುವ ದಾರ.

"ಬಿಳಿ ದಾರ ಬೇಡ, ಕಾಣುತ್ತೆ" ಎಂದರು ಖುರಾನಾ. ಮಾಡಿದ ಪಾಪ ತೊಳೆಯಲು ಅವರು ತಲೆಗೆ ಟವೆಲು ಸುತ್ತಿ, ಗೋಡೆ ಹಾರಿ ಬಂದಿದ್ದರು. ವಿಮಲಾ ಭಾಭಿ ಹೊರಗೆ ಹೋಗಿದ್ದ ಸಮಯ ನೋಡಿ ಆಕೆಯ ಹೊಲಿಗೆ ಡಬ್ಬ ಎತ್ತಿ ತಂದಿದ್ದರು. ಆಕೆಗೆ ಹಸಿರು ಸಲ್ವಾರಿನ ಹುಚ್ಚು. "ಇದು ಬಾಟಲ್ ಗ್ರೀನ್, ಇದು ಮೆಹೆಂದಿ, ಇದು ಪ್ಯಾರಟ್. ಯಾವುದು ಮ್ಯಾಚಿಂಗ್?"

"ಸಾಹೇಬ್ರೆ, ಗಿಡಕ್ಕೆ ಸೀರೆ ಉಡಿಸ್ತಾ ಇಲ್ಲ. ಯಾವುದಾದ್ರೂ ಕೊಡಿ."

"ಹಾಗೆಲ್ಲ ಹೇಳಬೇಡಿ. ಹೆಂಗಸರು ಬೇರೇನು ನೋಡದಿದ್ದರೂ ಮ್ಯಾಚಿಂಗ್ ನೋಡ್ತಾರೆ."

ಕಡೆಗೆ ಮೆಹೆಂದಿ ಹಸಿರು ಗೆದ್ದಿತು. ಚಂದ್ರಕಾಂತ ಒಂದೊಂದೇ ಎಸಳನ್ನು ಕಡ್ಡಿಗಿಟ್ಟು ಹಿಡಿಯುವುದು, ಖುರಾನಾ ಗಂಟು ಹಾಕುವುದು. ಮೊದಮೊದಲು ಅವರು ಎಲೆಗಳನ್ನು ತಲೆಕೆಳಗಾಗಿ ಕಟ್ಟಿದರು. ಬಿಚ್ಚಿಸಿ ಕಟ್ಟಿಸಿದ್ದಾಯಿತು. ಆಮೇಲೆ ಹುರುಪು ಹೆಚ್ಚಿ, ಪಂಜಾಬಿ ಮದುಮಗನ ಮುಖಕ್ಕೆ ಹೂವಿನ ಪರದೆ ಇಳಿಬಿಟ್ಟ ಹಾಗೆ ಒಂದೇ ಕಡೆ ರಾಶಿ ಸುರಿದರು. ಅದನ್ನೂ ಸರಿಮಾಡಬೇಕಾಯಿತು. ಕೆಳಗಿನ ಮನೆಯವರು ತಲೆಯೆತ್ತಿ, "ಏನು ಪೂಜೆ ನಡೀತಾ ಇದೆ?" ಎಂದು ಕೇಳಿದಾಗ ಖುರಾನಾ, "ಸೌತ್ ಇಂಡಿಯನ್ ಹಬ್ಬ ಜೀ" ಎಂದು ಕೈಮುಗಿದರು. ಕೆಳಗಿನವರು ಭಕ್ತಿಯಿಂದ ಒಳಗೆ ಹೋದರು.

ಕೆಲಸ ಮುಗಿದಾಗ ಇಬ್ಬರೂ ಹಿಂದಕ್ಕೆ ಸರಿದು ನೋಡಿದರು. ಗಿಡ ತನ್ನ ಜನ್ಮದಲ್ಲೇ ಇಷ್ಟು ಸೊಂಪಾಗಿ ಕಂಡಿರಲಿಲ್ಲ.

"ಆಹಾ!" ಎಂದರು ಖುರಾನಾ. "ನನ್ನ ತಲೆಗೂ ಹೀಗೇ ಕಟ್ಟಿಬಿಡಬಹುದಿತ್ತು, ಎಣ್ಣೆ ಯಾಕೆ ಬೇಕಿತ್ತು?"

ಆದರೆ ಚಂದ್ರಕಾಂತನಿಗೆ ಇನ್ನೊಂದು ಚಿಂತೆ ಹತ್ತಿತು. ನೋಡಲು ಚೆನ್ನ, ಸರಿ. ಕಿತ್ತರೆ? ಮನೋರಮಾ ಕೈ ಹಾಕಿ ಎಳೆದರೆ ಎಲೆಯ ಜೊತೆ ದಾರ, ದಾರದ ಜೊತೆ ತನ್ನ ಮಾನ, ಎಲ್ಲವೂ ಬರುತ್ತದೆ. ಅದಕ್ಕೂ ಒಂದು ದಾರಿ ಕಂಡ. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು ಎಂದು ಊರ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಮನೋರಮಾ ಅಂಥದ್ದನ್ನೆಲ್ಲ ನಡೆಸುವವಳು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿರುವಾಗಲೇ ಅವನು ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚಿಬಿಟ್ಟ. ಉಳಿದಿದ್ದ ಹಿಡಿ ಸೊಪ್ಪನ್ನು ಸ್ಟೀಲು ತಟ್ಟೆಯಲ್ಲಿ, ಆಕೆಗೆ ಕೊಡಲೆಂದು, ಮೊದಲೇ ತೆಗೆದಿಟ್ಟ. ಖುರಾನಾರನ್ನು ಗೋಡೆ ಹಾರಿಸಿ ಕಳಿಸಿದ. ಡಿಕಾಕ್ಷನ್ನಿಗೆ ನೀರು ಹಾಕಿದ. ಇನ್ನೇನು ಬೇಕು?

ಬಾಗಿಲ ಗಂಟೆ ಸದ್ದಾಯಿತು.

ಮನೋರಮಾ ಇವತ್ತು ತಿಳಿನೀಲಿ ಸೀರೆ ಉಟ್ಟಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಮುಖದಲ್ಲಿ ಸಾವಿನ ಮನೆಗೆ ಬಂದವರ ಮರುಕ. ಒಳಗೆ ಬಂದವಳೇ ನೇರ ಹೋಗಿ ಬಾಲ್ಕನಿಯ ಬಾಗಿಲಲ್ಲಿ ನಿಂತು, ಗಿಡ ಕಂಡು ಕಣ್ಣರಳಿಸಿದಳು.

"ಅರೇ! ಗಿಡ ಚೆನ್ನಾಗೇ ಇದೆಯಲ್ಲ!"

"ಏನೋ, ದೇವರ ದಯ. ಮಜ್ಜಿಗೆ ಹಾಕ್ತೀನಲ್ಲ."

"ಮಜ್ಜಿಗೆಗೆ ಇಷ್ಟು ಬರುತ್ತಾ?" ಆಕೆ ಹತ್ತಿರ ಹೋಗಿ ಬೆರಳು ತಾಕಿಸಿದಳು. ಒಂದು ಎಸಳು ದಾರದ ಮೇಲೆ ಗಿರ್ರನೆ ಒಂದು ಸುತ್ತು ತಿರುಗಿ ನಿಂತಿತು.

"ಗಾಳಿ" ಎಂದ ಚಂದ್ರಕಾಂತ. ಗಾಳಿ ಇರಲಿಲ್ಲ. "ಮುಟ್ಟಬೇಡಿ, ಮುಟ್ಟಬೇಡಿ! ದೀಪ ಹಚ್ಚಿಬಿಟ್ಟಿದ್ದೀನಿ."

"ಇಷ್ಟು ಬಿಸಿಲಲ್ಲಾ?"

"ಚಳಿಗಾಲ ಬಂತಲ್ಲ, ಬೇಗ ಕತ್ತಲಾಗುತ್ತೆ. ನಿಮಗೆ ಅಂತ ನಾನೇ ಕಿತ್ತಿಟ್ಟಿದ್ದೀನಿ, ತಗೊಳ್ಳಿ." ತಟ್ಟೆ ಮುಂದೆ ಹಿಡಿದ.

ಆಕೆ ತಟ್ಟೆಯನ್ನು ಮುಟ್ಟಲಿಲ್ಲ. "ಬೇಡ ಚಂದ್ರಕಾಂತ್ ಅವರೇ. ನಾನಿವತ್ತು ಸೊಪ್ಪಿಗೆ ಬಂದಿದ್ದಲ್ಲ."

ಚಂದ್ರಕಾಂತ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ. ಸೊಪ್ಪಿಗಲ್ಲದೆ ಅವನ ಮನೆಗೆ ಯಾರೂ ಯಾವತ್ತೂ ಬಂದಿರಲಿಲ್ಲ.

"ಮಧ್ಯಾಹ್ನ ಮದರ್ ಡೈರಿ ಹಾಲಿನ ಬೂತ್ ಹತ್ರ ವಿಮಲಾ ಭಾಭಿ ಸಿಕ್ಕಿದ್ರು. ಯಜಮಾನ್ರು ನಿಮ್ಮ ಗಿಡಾನ ಪೂರ್ತಿ ಬೋಳಿಸಿಬಿಟ್ಟಿದ್ದಾರೆ, ನಿಮ್ಮ ಮುಖ ನೋಡೋಕಾಗ್ತಿಲ್ಲ ಅಂತ ಪೇಚಾಡಿಕೊಂಡ್ರು. ನಾನು ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಏನಂದ್ರು ಗೊತ್ತಾ? ಪಾಪ, ಇಷ್ಟು ದಿನ ಅವರು ಕೊಟ್ಟರು, ಈಗ ನಮ್ಮ ಸರದಿ. ಇನ್ನು ಮೇಲೆ ಭಾನುವಾರ ಅವರೇ ನಮ್ಮನೆಗೆ ಬರಲಿ. ಊಟ ಮಾಡಿ, ಕಾಫಿ ಕುಡಿದು, ಸೊಪ್ಪು ತಗೊಂಡು ಹೋಗಲಿ. ಮತ್ತೆ ಗಿಡ ಚಿಗುರೋ ತನಕ ಒಂದು ವಾರಾನೂ ತಪ್ಪಿಸೋ ಹಾಗಿಲ್ಲ ಅಂತ ಹೇಳಿ ಬಾ ಅಂತ ಕಳಿಸಿದ್ರು."

ಗಿಡ ಚಿಗುರುವುದು ಹೋಳಿಗೆ. ಅಲ್ಲಿಯವರೆಗಿನ ಭಾನುವಾರಗಳೆಲ್ಲ ಎಲೆ ಹಾಕಿದ ಸಾಲು ಪಂಕ್ತಿಯ ಹಾಗೆ ಚಂದ್ರಕಾಂತನ ಕಣ್ಣ ಮುಂದೆ ಹಾಯ್ದು ಹೋದವು.

"ನಿಮ್ಮನೇಲಿ... ಸೊಪ್ಪು ಎಲ್ಲಿಂದ?"

ಮನೋರಮಾ ಚೀಲದ ಬಾಯಿ ಬಿಡಿಸಿ ತೋರಿಸಿದಳು. ಒಳಗೆ ತಾಜಾ ಕರಿಬೇವು. "ನಮ್ಮ ಗಿಡದ್ದೇ. ಎಲ್ಲರೂ ಮನೇಲಿ ಒಂದು ಕುಂಡ ಇಡಬೇಕು ಅಂತ ನೀವು ಅಷ್ಟು ಸಲ ಹೇಳಿದ್ರಲ್ಲ, ಹೋದ ವರ್ಷವೇ ನರ್ಸರಿಯಿಂದ ತಂದು ನೆಟ್ಟಿದ್ದೆ. ನೀವು ಹೇಳಿದ ಹಾಗೇ ಹಿಂಡಿ, ಮಜ್ಜಿಗೆ, ಎಲ್ಲಾ. ಈ ಮಳೆಗಾಲದಲ್ಲಿ ಪೊದೆ ಆಗಿಬಿಡ್ತು."

"ಮಳೆಗಾಲದಲ್ಲಾ? ಮತ್ತೆ ಆಮೇಲೂ ಪ್ರತಿ ಭಾನುವಾರ ನೀವು ಇಲ್ಲಿಗೆ..."

ಆಕೆ ಟೊಮೆಟೊ ಗಿಡವನ್ನು ತುಂಬ ಆಸಕ್ತಿಯಿಂದ ನೋಡತೊಡಗಿದಳು. "ಅಭ್ಯಾಸ" ಎಂದಳು. ಆಮೇಲೆ ಅವನ ಕಡೆ ತಿರುಗಿ ನಕ್ಕಳು. "ಬಾಯಿಬಿಟ್ಟು ಹೇಳಿಬಿಟ್ಟೆ ನೋಡಿ. ಇನ್ನು ಸೊಪ್ಪು ಬೇಕು ಅಂತ ಬರೋಕೆ ಮುಖ ಎಲ್ಲಿದೆ ನನಗೆ? ನಿಮ್ಮ ಗಿಡ ನೋಡಿದರೆ ಹೀಗೆ ತುಂಬಿ ತುಳುಕ್ತಾ ಇದೆ. ಅಮ್ಮನ ಹತ್ರ ಈಗ ಏನಂತ ಹೇಳಿ ನಿಮ್ಮನ್ನ ಕರೀಲಿ?"

ಹೀಗೆ ಕೇಳಿ ಆಕೆ ಅವನ ಮುಖವನ್ನೇ ನೋಡುತ್ತ ನಿಂತಳು. ಕೇಳಿದ್ದು ಬರಿಯ ಮಾತಿಗಲ್ಲ, ಉತ್ತರ ಬೇಕೆಂದೇ ಕೇಳಿದ್ದಳು. ಅಷ್ಟು ತಿಳಿಯದಷ್ಟು ಪೆದ್ದ ಚಂದ್ರಕಾಂತನಲ್ಲ. ಒಂದು ಎಸಳು ಹಿಡಿದು ಎಳೆದರೆ ಸಾಕಿತ್ತು. "ಇದೆಲ್ಲ ಸುಳ್ಳು ಮನೋರಮಾ ಅವರೇ, ನೀವು ಬರೋದು ನಿಂತುಹೋಗುತ್ತೆ ಅಂತ ಹೆದರಿ ಕಟ್ಟಿದ್ದು" ಎಂದರೆ ಸಾಕಿತ್ತು. ಅವನ ಕೈ ನಿಜವಾಗಿಯೂ ಗಿಡದ ಕಡೆ ಹೊರಟಿತು.

ಆ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲೆ ಖುರಾನಾರ ತಲೆ ಮೂಡಿತು. ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ಆದರೆ ಮಾತಿನ ನಡುವೆ 'ವಿಮಲಾ' ಎಂಬ ಹೆಸರು ಕಿವಿಗೆ ಬಿದ್ದಿತ್ತು. ಹೆಂಡತಿ ಬಾಯಿಬಿಟ್ಟಿದ್ದಾಳೆ, ಗೆಳೆಯನ ಮಾನ ಹೋಗುತ್ತಿದೆ ಎಂದು ಊಹಿಸಲು ಅವರಿಗೆ ಭಾಷೆ ಬೇಕಿರಲಿಲ್ಲ.

"ಮೇಡಂ ಜೀ!" ಎಂದು ಗುಡುಗಿದರು. "ವಿಮಲಾ ಮಾತು ನಂಬಬೇಡಿ. ಇರುವೆ ಕಂಡರೆ ಆನೆ ಅಂತಾಳೆ. ನಾನು ಕಿತ್ತಿದ್ದು ನಾಲ್ಕೇ ಎಲೆ, ಈ ನನ್ನ ತಲೆಯ ಮೇಲಾಣೆ! ಚಂದ್ರಾ ಜೀ ಗಿಡ ಏಕ್‌ದಮ್ ಫಸ್ಟ್ ಕ್ಲಾಸ್. ಇನ್ನು ಹತ್ತು ವರ್ಷ ಇವರು ಯಾರ ಹತ್ರಾನೂ ಒಂದೆಲೆ ಕೇಳಬೇಕಾಗಿಲ್ಲ!"

ಚಂದ್ರಕಾಂತನ ಕೈ ಅರ್ಧದಲ್ಲೇ ನಿಂತಿತು. ಈಗ ನಿಜ ಹೇಳಿದರೆ ತಾನೊಬ್ಬನೇ ಅಲ್ಲ, ತಲೆಯ ಮೇಲೆ ಆಣೆಯಿಟ್ಟ ಆ ಮುದಿ ಗೆಳೆಯನೂ ಸುಳ್ಳನಾಗುತ್ತಾನೆ. ಅವನು ಏನು ಹೇಳಲಿ ಎಂದು ತಡವರಿಸುವಷ್ಟರಲ್ಲಿ ಮನೋರಮಾ ಮುಖದ ಮೇಲಿನ ನಗೆ ಸಭ್ಯತೆಯ ನಗೆಯಾಗಿ ಬದಲಾಗಿತ್ತು.

"ಬಹಳ ಸಂತೋಷ, ಅಂಕಲ್" ಎಂದು ಹಿಂದಿಯಲ್ಲಿ ಹೇಳಿ, ಚೀಲದಲ್ಲಿದ್ದ ಸೊಪ್ಪನ್ನು ತೆಗೆದು ಗೋಡೆಯ ಮೇಲಿಟ್ಟಳು. "ಹಾಗಾದರೆ ಇದು ನಿಮ್ಮ ಎಣ್ಣೆಗೆ."

ಚಂದ್ರಕಾಂತ ಬಾಗಿಲವರೆಗೆ ಹಿಂದೆಯೇ ನಡೆದ. ಆಕೆ ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವನ ಬಾಯಿ ತೆರೆಯಿತು.

"ಕಾ..."

ಮನೋರಮಾ ಥಟ್ಟನೆ ತಿರುಗಿದಳು. "ಏನಂದ್ರಿ?"

ವಾರವಿಡೀ ಕನ್ನಡಿಯ ಮುಂದೆ ಸರಾಗವಾಗಿ ಬರುತ್ತಿದ್ದ ಮಾತು ಅದು. ಎದುರು ಮನೆಯ ಬಾಗಿಲು ಸಂದಿಯಷ್ಟು ತೆರೆಯಿತು. ಮೇಲಿನ ಮಹಡಿಯಲ್ಲಿ ಯಾರೋ ಕೆಮ್ಮಿದರು.

"ಕಾಂಪೋಸ್ಟು" ಎಂದ ಚಂದ್ರಕಾಂತ. "ಚಳಿಗಾಲದಲ್ಲಿ ಜಾಸ್ತಿ ಹಾಕಬೇಡಿ."

ಆಕೆ ಖಾಲಿ ಚೀಲವನ್ನು ಮಡಿಸಿದಳು. "ಹಾಕಲ್ಲ" ಎಂದು ಹೇಳಿ ಇಳಿದುಹೋದಳು. ಎರಡು ಮನೆಯಲ್ಲೂ ಕರಿಬೇವು ಸಮೃದ್ಧಿಯಾಗಿರುವಾಗ ಯಾರು ಯಾರ ಮನೆಗೆ ಏಕೆ ಬರಬೇಕು? ಅವಳ ಚಪ್ಪಲಿಯ ಸದ್ದು ಕೆಳಗಿನ ಗೇಟು ದಾಟುವವರೆಗೂ ಅವನು ಬಾಗಿಲಲ್ಲೇ ಇದ್ದ.

ಬಾಲ್ಕನಿಗೆ ಮರಳಿದಾಗ ಖುರಾನಾ ಗೋಡೆಗೆ ಎದೆ ಆನಿಸಿ, ಮಗನನ್ನು ಪರೀಕ್ಷೆಗೆ ಕಳಿಸಿದ ತಂದೆಯ ಹಾಗೆ ಕಾಯುತ್ತಿದ್ದರು.

"ಹೇಗಾಯ್ತು? ಮೇಡಂಗೆ ಏನಾದ್ರೂ ಗೊತ್ತಾಯ್ತಾ?"

"ಇಲ್ಲ ಸಾಹೇಬ್ರೆ" ಎಂದ ಚಂದ್ರಕಾಂತ ಹಿಂದಿಯಲ್ಲಿ.

"ಒಂಚೂರೂ ಅನುಮಾನ ಬರಲಿಲ್ಲ?"

"ಬರಲಿಲ್ಲ."

ಖುರಾನಾ ಗೋಡೆಯಾಚೆಯಿಂದ ಕೈ ಚಾಚಿ ಅವನ ಬೆನ್ನು ತಟ್ಟಿದರು, "ಶಾಬಾಶ್!" ಎಂದರು, ಮನೋರಮಾ ಬಿಟ್ಟುಹೋದ ಸೊಪ್ಪನ್ನು ಮೂಸುತ್ತ ಎಣ್ಣೆ ಕಾಯಿಸಲು ಒಳಗೆ ಹೊರಟರು.

"ಅನುಮಾನ ಬಂದಿದ್ದರೆ ಚೆನ್ನಾಗಿತ್ತು" ಎಂದ ಚಂದ್ರಕಾಂತ. ಅದನ್ನು ಕನ್ನಡದಲ್ಲಿ ಹೇಳಿದ್ದರಿಂದ ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ.